ಹನ್ನೆರಡು ಲಾರಿ ಟ್ಯೂಬು

ಹಿದಾಯತ್‌ಗೆ ಶತ್ರು ಅಂತ ಇದ್ದದ್ದು ಒಂದೇ, ಅವನ ನಾಲಿಗೆ. ದಾವಣಗೆರೆಯಲ್ಲಿ ಇಪ್ಪತ್ತು ವರ್ಷದಿಂದ ಸೈಕಲ್ ಷಾಪು ಇಟ್ಟವನು, ಪಂಕ್ಚರ್ ಹಾಕುವುದರಲ್ಲಿ ಎತ್ತಿದ ಕೈ. ತುಳಿಯುವುದು ಮಾತ್ರ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ. ಏರು ಬಂದರೆ ಅದೂ ಇಲ್ಲ. ಅಂಥವನು ಹೊನ್ನಾವರದ ತನಕ ನೂರೈವತ್ತು ಮೈಲಿ ಸೈಕಲ್ಲಿನಲ್ಲೇ ಹೋಗುತ್ತೇನೆಂದು ಮಾತು ಕೊಟ್ಟು ಕೂತಿದ್ದ.

ಆದದ್ದಿಷ್ಟು. ಎಪ್ಪತ್ತೆಂಟರ ಬೇಸಿಗೆಯಲ್ಲಿ ನೆಂಟರ ಮದುವೆಗೆ ಹೊನ್ನಾವರಕ್ಕೆ ಹೋಗಿದ್ದವನು ಪ್ಯಾಂಟು ಮಡಚಿ ಸಮುದ್ರಕ್ಕಿಳಿದ. ಹರಿಹರದ ಹೊಳೆಯಲ್ಲಿ ಈಜಿದವನಿಗೆ ಇದ್ಯಾವ ಲೆಕ್ಕ ಎಂದು ಹೆಂಡತಿ ಹಜೀರಾಬೀಗೆ ಕೇಳಿಸುವಂತೆ ಹೇಳಿಯೇ ಇಳಿದ. ಮೂರನೇ ಅಲೆಗೆ ಕಾಲಡಿಯ ಮರಳು ಜಾರಿತು. ಆಮೇಲೆ ನೆಲವೇ ಇಲ್ಲ. ಎಷ್ಟು ಚಾಚಿದರೂ ನೀರೇ. ಇನ್ನು ಮುಗಿಯಿತು ಅನ್ನುವಾಗ ಅನಂತ ಖಾರ್ವಿ ಎಂಬ ಮೀನುಗಾರ ಲಾರಿಯ ಹಳೇ ಟ್ಯೂಬೊಂದನ್ನು ಹಿಡಿದು ಬಂದು, ಇವನ ಕೊರಳಪಟ್ಟಿಗೆ ಕೈಹಾಕಿ ಎಳೆದು ತಂದ. ಉದ್ದಕ್ಕೂ ಅವನು ಕೇಳಿದ್ದು ಒಂದೇ ಮಾತು: "ಕಾಲು ನೆಲಕ್ಕೆ ತಾಗ್ತಾ ಸಾಯ್ಬ್ರೇ?" ತಾಗಿದಾಗ ಹಿದಾಯತ್ ಎಲ್ಲರೆದುರಿಗೆ ಗಳಗಳ ಅತ್ತ.

ಅನಂತನಂಥವರು ಆ ದಂಡೆಯಲ್ಲಿ ಆರು ಜನ. ಸಂಬಳವಿಲ್ಲ, ಯಾರ ಹುಕುಮೂ ಇಲ್ಲ. ಮೀನಿನ ಕೆಲಸ ಮುಗಿಸಿ ಸರದಿಯಂತೆ ದಂಡೆ ಕಾಯುತ್ತಾರೆ. ಆರು ಜನಕ್ಕೂ ಇದ್ದದ್ದು ಅದೊಂದೇ ಟ್ಯೂಬು, ಅದಕ್ಕೆ ಹನ್ನೊಂದು ಪ್ಯಾಚು. ಪ್ಯಾಚು ಹಾಕಿದ ಚಂದ ನೋಡಿ ಕಸುಬಿನವನಿಗೆ ಸಂಕಟವಾಯಿತು. "ಹನ್ನೆರಡು ಟ್ಯೂಬು ತಂದುಕೊಡ್ತೀನಿ," ಎಂದ. ಅಷ್ಟಕ್ಕೆ ಬಾಯಿ ಮುಚ್ಚಬಹುದಿತ್ತು. "ಸೈಕಲ್ ತುಳಕಂಡೇ ಬರ್ತೀನಿ," ಎಂದೂ ಸೇರಿಸಿದ.

"ಟ್ಯೂಬು ಲಾರಿಯಾಗೆ ಹಾಕಿ ಕಳಿಸಿದ್ರೆ ಸಾಲ್ದೇನ್ರಿ?" ಎಂದಳು ಹಜೀರಾಬೀ, ಊರಿಗೆ ಬಂದ ಮೇಲೆ.

"ನಾನು ತುಳೀದಿದ್ರೆ ಟ್ಯೂಬು ಕೊಡೋರ್ಯಾರು?"

ಅವನು ಆಡಿದ್ದರಲ್ಲಿ ಇದೊಂದು ಮಾತ್ರ ನಿಜ. ಲಾರಿ ಮಾಲೀಕ ಉಜ್ಜನಪ್ಪನವರು ಹನ್ನೆರಡು ಟ್ಯೂಬು ಕೊಟ್ಟು, ತಮ್ಮ ಲಾರಿಯಲ್ಲೇ ಕಳಿಸಲು ಒಪ್ಪಿದ್ದರು. ಆದರೆ ಒಂದು ಷರತ್ತು. ಹಿಂದಿನ ತಿಂಗಳು ಯಾರೋ ಒಬ್ಬ ಊರ ಮೈದಾನದಲ್ಲಿ ಏಳು ದಿನ ಸೈಕಲ್ಲಿಂದ ಇಳಿಯದೆ ಸುತ್ತು ಹೊಡೆದಿದ್ದ. ಊಟ, ಸ್ನಾನ, ಕ್ಷೌರ ಎಲ್ಲ ಸೀಟಿನ ಮೇಲೆಯೇ. ಅಲ್ಲಿಂದೀಚೆಗೆ ದಾವಣಗೆರೆಯವರಿಗೆ ಸೈಕಲ್ ಸಾಹಸ ಅಂದರೆ ಕಾಲು ನೆಲಕ್ಕೆ ತಾಗಬಾರದು, ಅಷ್ಟೇ. ದೂರ ಯಾರಿಗೆ ಬೇಕು?

"ಹೊನ್ನಾವರದ ತನಕ ಬ್ಯಾಡ್ರಿ ಸಾಬ್ರೆ. ಹರಿಹರದ ಸೇತುವೆ ತನಕ ಕಾಲು ಕೆಳಗಿಡಬ್ಯಾಡ್ರಿ. ಇಟ್ರೆ ಟ್ಯೂಬಿಲ್ಲ," ಎಂದರು ಉಜ್ಜನಪ್ಪ.

"ಹರಿಹರ ಯಾವ ಲೆಕ್ಕ ಬಿಡ್ರಿ," ಎಂದಿತು ನಾಲಿಗೆ.

ಭಾನುವಾರ ಬೆಳಿಗ್ಗೆ ಹಾರ ಹಾಕಿ ಕಳಿಸಿದರು. ಹಿಂದೆ ಲೂನಾದ ಮೇಲೆ ಉಜ್ಜನಪ್ಪ, ಕಣ್ಣೆಲ್ಲ ಹಿದಾಯತನ ಚಪ್ಪಲಿಯ ಮೇಲೆ. ಮೂರನೇ ಮೈಲಿಗೆ ಹಾರ ಭಾರವಾಯಿತು, ಐದನೆಯದಕ್ಕೆ ಹೊಟ್ಟೆ ಭಾರವಾಯಿತು. ಆದರೂ ಏದುಸಿರು ಬಿಡುತ್ತ ತುಳಿದ. ಹರಿಹರ ಇನ್ನೇನು ಬಂತು ಅನ್ನುವಾಗ ರೈಲ್ವೆ ಗೇಟು ಹಾಕಿತ್ತು.

ಇಳಿಯುವಂತಿಲ್ಲ. ಗೇಟಿನ ಮುಂದೆ ಸುತ್ತು ಹೊಡೆಯತೊಡಗಿದ. ಗೂಡ್ಸ್ ಗಾಡಿ ಬಂತು, ನಿಂತಿತು, ಹಿಂದಕ್ಕೆ ಹೋಯಿತು, ಮತ್ತೆ ಬಂತು. ಮಲೆಬೆನ್ನೂರಿನ ಬಸ್ಸಿನವರು ಕಿಟಕಿಯಿಂದ ತಲೆ ಹಾಕಿ ಚಪ್ಪಾಳೆ ಹೊಡೆದರು. "ಇವತ್ತು ಎಷ್ಟನೇ ದಿನಾರೀ?" ಎಂದು ಒಬ್ಬ ಕೇಳಿದ. ಹಿದಾಯತ್‌ಗೂ ಏಳನೆಯದೇ ಇರಬೇಕು ಅನ್ನಿಸಿತ್ತು.

ಹತ್ತೊಂಬತ್ತನೇ ಸುತ್ತಿಗೆ ತಲೆ ಗಿರ್ರೆಂದಿತು. ಗೇಟು, ಬಸ್ಸು, ಆಕಾಶ ಎಲ್ಲ ತೇಲಿದವು. ಕಾಲಡಿಯಲ್ಲಿ ಏನೂ ಇಲ್ಲ ಅನ್ನುವ ಆ ಹಳೇ ಭಯ ಮತ್ತೆ ಹಿಡಿಯಿತು. ಕಾಲು ನೆಲಕ್ಕೆ ತಾಗ್ತಾ ಸಾಯ್ಬ್ರೇ?

ಹಿದಾಯತ್ ಬ್ರೇಕು ಹಿಡಿದು ಎರಡೂ ಕಾಲು ಕೆಳಗಿಟ್ಟ.

"ಇಟ್ರಲ್ರೀ!" ಉಜ್ಜನಪ್ಪ ಕೂಗಿದರು. "ಇನ್ನರ್ಧ ಮೈಲಿ ಇತ್ತಲ್ರೀ!"

"ಇಟ್ಟೆ ಉಜ್ಜನಪ್ನೋರೆ." ಹಿದಾಯತ್‌ಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಆವತ್ತು ನೀರಾಗೆ ನೆಲ ಸಿಗದೆ ಸಾಯ್ತಿದ್ದೆ. ಆ ಮನುಷ್ಯ ಜೀವದ ಹಂಗು ಬಿಟ್ಟು ನನ್ನ ಕಾಲು ನೆಲಕ್ಕೆ ಮುಟ್ಟಿಸ್ದ. ಅವನ ಹೆಸರಿನಾಗೆ ಹೊರಟು, ನೆಲಾನೇ ಮುಟ್ಟಲ್ಲ ಅಂತ ಒಪ್ಪಿಕೊಂಡ್ನಲ್ಲ, ನನ್ನಂಥ ಹುಚ್ಚ ಎಲ್ಲಾದ್ರೂ ಐದಾನೇನ್ರಿ? ಟ್ಯೂಬು ನೀವೇ ಇಟ್ಕಳ್ರಿ. ನಾನು ಹೋಗ್ತೀನಿ. ಅವರ ಹಳೇ ಟ್ಯೂಬಿಗೆ ನೆಟ್ಟಗೆ ಪ್ಯಾಚಾದ್ರೂ ಹಾಕಿ ಬರ್ತೀನಿ."

ಉಜ್ಜನಪ್ಪ ಲೂನಾದ ಇಂಜಿನ್ ಆರಿಸಿದರು. ನೆಲದ ಮೇಲಿದ್ದ ಅವನ ಚಪ್ಪಲಿಯನ್ನೇ ನೋಡಿದರು. ಗೂಡ್ಸ್ ಗಾಡಿಗೆ ಕೊನೆಗೂ ಬುದ್ಧಿ ಬಂದು ಮುಂದೆ ಹೋಯಿತು, ಗೇಟು ಎದ್ದಿತು.

"ಆ ಖಾರ್ವಿಯೋರ ಮನೆ ಹೊನ್ನಾವರದಾಗೆ ಎಲ್ಲೈತ್ರಿ?" ಎಂದರು. "ಡ್ರೈವರ್‌ಗೆ ಹೇಳಬೇಕಲ್ಲ."

"ದಂಡೆ ಮ್ಯಾಲೆ ಯಾರನ್ನ ಕೇಳಿದ್ರೂ ತೋರಿಸ್ತಾರ್ರಿ," ಎಂದ ಹಿದಾಯತ್; ನಾಲಿಗೆ ಈ ಸಲ ಒಂದು ಮಾತೂ ಹೆಚ್ಚಿಗೆ ಸೇರಿಸಲಿಲ್ಲ. ಸೈಕಲ್ ತಳ್ಳಿಕೊಂಡು ನಡೆದೇ ಹಳಿ ದಾಟಿದ. ಪಕ್ಕದಲ್ಲಿ ಉಜ್ಜನಪ್ಪನವರೂ ಲೂನಾದಿಂದಿಳಿದು ತಳ್ಳುತ್ತ ಬರುತ್ತಿದ್ದರು.