ಏಳು ಪಾಲು, ಮೂರು ಪಾಲು

“ಆ ಬಾಟ್ಲಿ ಬ್ಯಾಡ. ಅದರಾಗೆ ನೀರೈತೆ” ಎಂದು ಮಹಾದೇವಮ್ಮ ಮೊಮ್ಮಗಳ ಕೈ ಹಿಡಿದುಕೊಂಡಳು.

ಧನ್ಯಾ ಆಗಲೇ ಮುಚ್ಚಳ ತೆಗೆದಾಗಿತ್ತು. ಗೋಡೆಗೆ ಒರಗಿಸಿ ಕೂರಿಸಿದ್ದ ಅಜ್ಜ ಪರಮಶಿವಪ್ಪನ ಹೆಣದ ಮುಂಗೈ ಮೇಲೆ ಆಸ್ಪತ್ರೆಯ ಪ್ಲಾಸ್ಟರಿನ ಅಂಟು ಉಳಿದಿತ್ತು. ಸೊರಬದಲ್ಲಿ ನರ್ಸ್ ಆಗಿದ್ದ ಅವಳಿಗೆ ಅಜ್ಜನನ್ನು ಹಾಗೇ ಮಣ್ಣಿಗೆ ಕಳಿಸಲು ಮನಸ್ಸು ಬರಲಿಲ್ಲ. ಸ್ಪಿರಿಟಿನ ವಾಸನೆ ವಿಭೂತಿ, ಮಲ್ಲಿಗೆಗಳ ನಡುವೆ ತೇಲಿತು. ಎಷ್ಟೋ ವರ್ಷ ಈ ಮನೆಗೆ ಸಂಜೆಯಾಗುತ್ತಿದ್ದದ್ದೇ ಆ ವಾಸನೆಯಿಂದ. ಶಿರಾಳಕೊಪ್ಪದ ಕ್ಲಿನಿಕ್ಕಿನಲ್ಲಿ ಕಾಂಪೌಂಡರಾಗಿದ್ದ ಅಜ್ಜ ಬಂದರೆಂದು ಬೆಕ್ಕಿಗೂ ಗೊತ್ತಾಗುತ್ತಿತ್ತು.

“ನೀರಿದ್ರೆ ಏನಾತಜ್ಜಿ?”

“ನಿಮ್ಮಜ್ಜ ನೀರು ಬೆರೆಸಿ, ಉಳಿದ ಸ್ಪಿರಿಟ್ ಮಾರ್ಕೊಂತಾನೆ ಅಂತ ಊರೇ ಆಡಿತ್ತು. ಬೇಕಾದ್ರೆ ಈ ಹುಚ್ಚರಾಯಪ್ಪನ್ನ ಕೇಳು.”

ಹಾರ ಹಿಡಿದು ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಹುಚ್ಚರಾಯಪ್ಪ ತಲೆ ತಗ್ಗಿಸಿದ. ಮೊದಲು ಆಡಿದ್ದು ಅವನೇ. ಆಮೇಲೆ ಆ ಮಾತಿಗೆ ಕಾಲು ಬೇಕಾಗಲಿಲ್ಲ.

“ಇನ್ನೊಂದು ತಾಸಿಗೆ ಒಯ್ತಾರೆ. ಕಳ್ಳನ ಹೆಂಡ್ತಿ ಹೌದೋ ಅಲ್ಲೋ ಅಂತ ಯಾರನ್ನ ಕೇಳ್ಲಿ?” ಎಂದಳು ಮಹಾದೇವಮ್ಮ.

*

ಮೂವತ್ತು ವರ್ಷದ ಹಿಂದೆ ಬುತ್ತಿ ಕೊಡಲು ಹೋದ ಮಹಾದೇವಮ್ಮ ಕಣ್ಣಾರೆ ಕಂಡಿದ್ದಳು. ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕಿಟಕಿಯ ಬಿಸಿಲಿಗೆ ಗಾಜಿನ ಅಳತೆಪಾತ್ರೆ ಹಿಡಿದು, ಉಸಿರು ಬಿಗಿಹಿಡಿದು ಗಂಡ ಸ್ಪಿರಿಟಿಗೆ ನೀರು ಸುರಿಯುತ್ತಿದ್ದ.

“ಏನ್ರೀ ಇದು?”

“ನೀರು ಬೇಕಾಗ್ತದೆ ಕಣೆ. ಇಲ್ದಿದ್ರೆ ಕೆಲಸ ಮಾಡಲ್ಲ.”

“ಹಾಲಿಗೆ ನೀರು ಹಾಕೋರೂ ಹಿಂಗೇ ಹೇಳ್ತಾರೆ.”

ಅವನು ನಕ್ಕು ಮತ್ತೆ ಅಳತೆಪಾತ್ರೆಯತ್ತ ಬಾಗಿದ. ಆ ವಾರ ಅವಳಿಗೆ ಜ್ವರ ಬಂದು, ಇಂಜೆಕ್ಷನ್ನಿಗೆಂದು ಅವನು ಹತ್ತಿ ಒದ್ದೆ ಮಾಡಿಕೊಂಡು ಬಂದಾಗ ತೋಳು ಹಿಂದಕ್ಕೆಳೆದುಕೊಂಡಳು. ಮತ್ತೆಂದೂ ಒರೆಸಗೊಡಲಿಲ್ಲ. ಅವನೂ ಮತ್ತೆ ಕೇಳಲಿಲ್ಲ.

*

ಧನ್ಯಾ ಬಾಟಲಿಯನ್ನು ಬೆಳಕಿಗೆ ಹಿಡಿದಳು. ಅದಕ್ಕಂಟಿಸಿದ ಚೀಟಿಯಲ್ಲಿ ಅಜ್ಜನ ದುಂಡು ಅಕ್ಷರ: ಸ್ಪಿರಿಟ್ ಏಳು ಪಾಲು, ಕುದಿಸಿ ಆರಿಸಿದ ನೀರು ಮೂರು ಪಾಲು.

“ಇದನ್ನ ಎಲ್ಲಿಂದ ತಂದಿದ್ರು?”

“ಅಂಗಡಿಯಿಂದ. ಕೆಲಸ ಬಿಟ್ಟ ಮೇಲೂ ತಂದು ಬೆರೆಸಿ ಇಡ್ತಿದ್ರು.”

“ಸ್ವಂತ ಮನೆಗೆ ಯಾರಾದ್ರೂ ಮೋಸ ಮಾಡ್ತಾರಾ ಅಜ್ಜಿ? ನಾವೂ ಆಸ್ಪತ್ರೇಲಿ ಇದನ್ನೇ ಬಳಸೋದು. ಬರೀ ಸ್ಪಿರಿಟ್ ಕ್ರಿಮಿಯ ಮೇಲ್ಮೈನಷ್ಟೇ ಗಟ್ಟಿ ಮಾಡಿ ಆರಿಹೋಗ್ತದೆ, ಹಾಲಿನ ಮೇಲೆ ಕೆನೆ ಕಟ್ಟಿದಂಗೆ. ಒಳಗಿಂದು ಬದುಕ್ಕಂತದೆ. ನೀರಿದ್ರೇನೇ ಒಳಗಿಳಿದು, ಹಾಲು ಒಡೆದಂಗೆ ಪೂರಾ ಒಡೆದುಹಾಕೋದು.”

“ಹಂಗಾದ್ರೆ ನೀರು ಬೇಕಾ?”

“ಬೇಕೇ ಬೇಕು.”

ಹುಚ್ಚರಾಯಪ್ಪ ಒಳಗೆ ಬಂದು ಹಾರವನ್ನು ಪರಮಶಿವಪ್ಪನ ಪಾದದ ಬಳಿ ಇಟ್ಟ. “ತಪ್ಪಾತು, ಅಕ್ಕಾ. ಎಂಥಾ ಮಾತಾಡಿಬಿಟ್ಟೆ.”

“ನೀನು ಆಡಿದಿ. ನಂಬಿದಾಕಿ ನಾನು.”

ಅವಳಿಗೆ ಅಳು ಒತ್ತರಿಸಿ ಬಂತು. ಧನ್ಯಾ ಅಂಟನ್ನೆಲ್ಲ ಒರೆಸಿ ಮುಗಿಸುವವರೆಗೂ ಅತ್ತಳು. ಅಂಗಳದಲ್ಲಿ ಭಜನೆ ನಿಂತಿತು. “ಹೊತ್ತಾತು” ಎಂದು ಯಾರೋ ಕೂಗಿದರು.

ಮಹಾದೇವಮ್ಮ ಹೊಸ ಹತ್ತಿಯನ್ನು ಒದ್ದೆ ಮಾಡಿ ಗಂಡನ ಸೆಟೆದ ಬೆರಳುಗಳ ನಡುವೆ ಸಿಕ್ಕಿಸಿದಳು. ಆಮೇಲೆ ಕುಪ್ಪಸದ ತೋಳು ಮೇಲೆ ಸರಿಸಿ, ಹತ್ತಿರ ಕೂತು, ತೋಳನ್ನು ಆ ಹತ್ತಿಗೆ ತಾಗಿಸಿ ಹಿಡಿದಳು. ತಣ್ಣಗಾಯಿತು. ಕಣ್ಣು ಮುಚ್ಚಿದಳು. ಹೊರಗಿನವರು ಚಪ್ಪಲಿ ಬಿಟ್ಟು ಒಳಗೆ ಬಂದು, ಅವಳನ್ನು ನೋಡಿ ಅಲ್ಲೇ ನಿಂತರು. ಅವಳ ತೋಳಿನ ಮೇಲಿನ ಒದ್ದೆ ಅಂಚಿನಿಂದ ಮೆಲ್ಲಗೆ ಆರುತ್ತಾ ಬಂತು.