ಮೆಂಬರ್ರು ಮನೆಯಲ್ಲಿಲ್ಲ

ರಾವಂದೂರು ಹೋಬಳಿಯ ಆ ಊರಿನಲ್ಲಿ ಶಾಲೆ ಬೀದಿಯ ಚರಂಡಿಗೆ ಚಪ್ಪಡಿ ಇರಲಿಲ್ಲ. ಮಕ್ಕಳು ಹಾರಿಕೊಂಡು ಹೋಗುತ್ತಿದ್ದವು, ದನಗಳು ಕಾಲು ಸಿಕ್ಕಿಸಿಕೊಳ್ಳುತ್ತಿದ್ದವು, ದೊಡ್ಡವರು ಮೂಗು ಮುಚ್ಚಿಕೊಂಡು ಚುನಾವಣೆಯಲ್ಲಿ ಗೆದ್ದವರಿಗೆಲ್ಲ ಶಾಪ ಹಾಕುತ್ತಿದ್ದರು. ಶಾಪ ಹಾಕುವುದರಲ್ಲಿ ನಮ್ಮ ಜನರನ್ನು ಮೀರಿಸುವವರಿಲ್ಲ. ಗೆದ್ದವರು ಯಾರು, ಯಾವ ಕೆಲಸಕ್ಕೆ ಗೆದ್ದವರು ಎಂದು ಕೇಳಿ ನೋಡಿ, ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಸಾಕಮ್ಮ ಮಾತ್ರ ಶಾಪ ಹಾಕಿ ಸುಮ್ಮನಾಗುವವಳಲ್ಲ. ಊರಿನ ಅರ್ಧ ಮಕ್ಕಳ ಹೆರಿಗೆ ಮಾಡಿಸಿದ ಸೂಲಗಿತ್ತಿ ಅವಳು. ಎಪ್ಪತ್ತು ದಾಟಿದ್ದರೂ ನಡೆದುಕೊಂಡು ಮೂರು ಸಲ ಸುಂದ್ರಮ್ಮನ ಬಾಗಿಲಿಗೆ ಬಂದಿದ್ದಳು.

"ಮೆಂಬರ್ರು ಅವ್ರೇನವ್ವ? ಚಪ್ಪಡಿ ಇಚಾರ ಏಳ್ಬೇಕಿತ್ತು."

"ಮನೇಲಿಲ್ಲ ಕಣ್ ಸಾಕವ್ವ. ಬ್ಯಾರನ್ ತಾವ ಓಗವ್ರೆ. ಬಂದ್ರೆ ಏಳ್ತೀನಿ ಬುಡು."

ಮೂರು ಸಲವೂ ಸುಂದ್ರಮ್ಮ ಇದೇ ಮಾತು ಹೇಳಿ ಕಳಿಸಿದ್ದಳು. ಹೊಗೆಸೊಪ್ಪು ಹದ ಮಾಡುವ ಕಾಲ. ಗಂಡ ಚನ್ನಬಸವಣ್ಣ ಸೊಪ್ಪು ಒಣಗಿಸುವ ಬ್ಯಾರನ್ ಮನೆ ಬಿಟ್ಟು ಕದಲುತ್ತಿರಲಿಲ್ಲ, ಅದೇನೂ ಸುಳ್ಳಲ್ಲ. ಆದರೆ ಚುನಾವಣೆಗೆ ನಿಂತು ಗೆದ್ದವಳು, ನಾಲ್ಕು ವರ್ಷದಿಂದ ಗ್ರಾಮ ಪಂಚಾಯ್ತಿ ಸದಸ್ಯೆಯಾಗಿದ್ದವಳು ಸುಂದ್ರಮ್ಮನೇ. ಸ್ಥಾನ ಹೆಂಗಸರಿಗೆ ಮೀಸಲಾಯಿತೆಂದು ಗಂಡ ನಾಮಪತ್ರಕ್ಕೆ ಅವಳ ಫೋಟೊ ಕೊಟ್ಟ, ಗೆದ್ದ ದಿನ ಹಾರವನ್ನು ತಾನು ಹಾಕಿಸಿಕೊಂಡ. ಊರು ಅವನನ್ನೇ ಮೆಂಬರ್ರು ಎಂದಿತು. ಕೇಳಿ ಕೇಳಿ ಅವಳೂ ಹಾಗೇ ಅಂದಳು.

ನಾಲ್ಕನೆಯ ಸಲ ಸಾಕಮ್ಮ ಬರಲಿಲ್ಲ. ಡೈರಿಗೆ ಹಾಲು ಹಾಕಿ ಬರುವಾಗ ಚರಂಡಿಗೆ ಬಿದ್ದು ಸೊಂಟ ಮುರಿದುಕೊಂಡಳು.

ಸುದ್ದಿ ಕೇಳಿದ ಸುಂದ್ರಮ್ಮ ಸುಮ್ಮನೆ ಕೂರಲಿಲ್ಲ. ಅವಳ ಎರಡೂ ಮಕ್ಕಳನ್ನು ಹೊರಗೆ ತಂದ ಕೈ ಸಾಕಮ್ಮನದು. ಊರಿನ ಮಹಿಳಾ ಸಂಘದ ಹೆಂಗಸರನ್ನೆಲ್ಲ ಸೇರಿಸಿ, "ನಡೀರಿ ಪಿರಿಯಾಪಟ್ಣಕ್ಕೆ, ಎಂಎಲ್‌ಎನೇ ಕೇಳಾನ" ಎಂದು ಟೆಂಪೊ ಹತ್ತಿಸಿದಳು.

ಆಶಾ ಕಾರ್ಯಕರ್ತೆ ಹೇಮಶ್ರೀ ತಡೆದು ನೋಡಿದಳು. "ಚರಂಡಿ ಚಪ್ಪಡಿಗೆ ಎಂಎಲ್‌ಎ ತಾವ ಯಾಕಕ್ಕ? ಇದು ಊರೊಳಗೇ ಆಗೋ ಕೆಲ್ಸ."

"ಊರೊಳ್ಗಿರೋರ ಕೈಲಿ ಏನದೆ ಬುಡು ಹೇಮ. ಎಲ್ಲ ದೊಡ್ಡೋರ ಕೈಲೇ ಇರಾದು."

ಪಿರಿಯಾಪಟ್ಟಣಕ್ಕೆ ಹೋದರೆ ಆ ದೊಡ್ಡವರು ಊರಿನಲ್ಲಿರಲಿಲ್ಲ. ಅವರ ಆಫೀಸಿನ ಸಹಾಯಕ ಅರ್ಜಿ ಓದಿ ವಾಪಸ್ ಕೊಟ್ಟ.

"ಇದು ಪಂಚಾಯ್ತಿ ಕೆಲ್ಸ ಕಣ್ರಮ್ಮ. ನಿಮ್ಮ ವಾರ್ಡ್ ಮೆಂಬರ್ ಯಾರು?"

ಎಲ್ಲರೂ ಸುಂದ್ರಮ್ಮನ ಕಡೆ ತಿರುಗಿದರು. "ನಮ್ಮನೆಯೋರು" ಎಂದಳು ಅವಳು.

"ಅಲ್ಲ ಸುಂದ್ರಕ್ಕ" ಎಂದಳು ಹೇಮಶ್ರೀ. "ನೀವು."

ಸಹಾಯಕ ನಕ್ಕುಬಿಟ್ಟ. "ಮೆಂಬರ್ರೇ ಮೆಂಬರ್ ಮೇಲೆ ದೂರು ತಂದವ್ರಲ್ಲಪ್ಪ!" ಆಫೀಸಿನಲ್ಲಿದ್ದವರೆಲ್ಲ ನಕ್ಕರು. ಸುಂದ್ರಮ್ಮನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ವಾಪಸ್ ಬರುವಾಗ ಟೆಂಪೊದಲ್ಲಿ ಹೇಮಶ್ರೀ ಮೆತ್ತಗೆ ಬಿಡಿಸಿ ಹೇಳಿದಳು. "ಚರಂಡಿ, ಬೀದಿದೀಪ, ನಲ್ಲಿ ನೀರು, ಕಸ, ಇವೆಲ್ಲ ಗ್ರಾಮ ಪಂಚಾಯ್ತಿದು. ಅಂದ್ರೆ ನಿಮ್ದು ಅಕ್ಕ. ಎಂಎಲ್‌ಎ ಇರಾದು ಬೆಂಗ್ಳೂರಲ್ಲಿ ಕಾನೂನು ಮಾಡಕ್ಕೆ, ತಾಲ್ಲೂಕಿಗೆ ದೊಡ್ ರಸ್ತೆ, ದೊಡ್ಡಾಸ್ಪತ್ರೆ ಕೇಳಕ್ಕೆ. ಮಧ್ಯ ತಾಲ್ಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿ. ಅಲ್ಲಿ ವರ್ಷಗಳಿಂದ ಎಲೆಕ್ಷನ್ನೇ ಇಲ್ಲ, ಆಪೀಸರ್‌ಗಳೇ ನಡೆಸ್ತಾವ್ರೆ. ಅಲ್ಲಿ ಕುರ್ಚಿ ಖಾಲಿ ಅಂತೀವಿ. ನಮ್ಮೂರಲ್ಲಿ ಗೆದ್ದೋರು ಇದ್ರೂ ಕೂತಿಲ್ವಲ್ಲ."

ಸುಂದ್ರಮ್ಮ ಪಂಚಾಯ್ತಿ ಆಫೀಸಿನ ಮುಂದೆ ಟೆಂಪೊ ನಿಲ್ಲಿಸಿ ಇಳಿದಳು. ಗೆದ್ದ ಮೇಲೆ ಅವಳು ಅಲ್ಲಿಗೆ ಬಂದದ್ದು ಅದೇ ಮೊದಲು. ಸಭೆಯ ನಡವಳಿ ಪುಸ್ತಕ ಕೇಳಿದಳು. ಪಂಚಾಯ್ತಿಯ ಅಧಿಕಾರಿ ಪಿಡಿಒ ತೆಗೆದುಕೊಟ್ಟರು, ಹೇಮಶ್ರೀ ಓದಿದಳು.

ಶಾಲೆ ಬೀದಿಗೆ ಚಪ್ಪಡಿ ಮಂಜೂರಾಗಿತ್ತು. ಎರಡು ತಿಂಗಳ ಹಿಂದಿನ ಸಭೆಯಲ್ಲಿ, ಅಲ್ಲಿ ಚಪ್ಪಡಿ ತುರ್ತಿಲ್ಲ, ಬದಲಿಗೆ ಹೊಲದ ದಾರಿಗೆ ಮೋರಿ ಆಗಬೇಕೆಂದು ವಾರ್ಡಿನ ಸದಸ್ಯರೇ ಕೋರಿದ್ದರು. ಆ ದಾರಿ ಹೋಗುವುದು ಚನ್ನಬಸವಣ್ಣನ ಬ್ಯಾರನ್ನಿಗೆ. ಕೆಳಗೆ ಸುಂದ್ರಮ್ಮನ ಸೈನು. ಸೈನಿನ ಪಕ್ಕದಲ್ಲಿ ರಾಗಿಹಿಟ್ಟಿನ ಬೆರಳಚ್ಚು ಇನ್ನೂ ಇತ್ತು. ಅವಳು ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಾಗ ಗಂಡ ಪುಸ್ತಕ ಚಾಚಿ, "ಇಲ್ಲೊಂದು ಆಕು" ಎಂದಿದ್ದ. ಹಾಕಿದ್ದಳು. ಸಾಕಮ್ಮ ಬಾಗಿಲಿಗೆ ಮೊದಲ ಸಲ ಬಂದದ್ದು ಅದೇ ವಾರ.

ಅಲ್ಲಿಂದ ನೇರ ಸಾಕಮ್ಮನ ಮನೆಗೆ ಹೋದಳು. ಮುದುಕಿ ಮಂಚದ ಮೇಲೆ ಅಲುಗಾಡದೆ ಮಲಗಿದ್ದಳು. ಸುಂದ್ರಮ್ಮ ಏನನ್ನೂ ಮುಚ್ಚಿಡದೆ ಹೇಳಿದಳು. ಹೇಳಿ ಅತ್ತಳು.

ಸಾಕಮ್ಮ ಅಳಲಿಲ್ಲ. "ಓಟಿನ್ ದಿನ ಚೀಟೀಲಿ ನಾಕ್ ಗುರ್ತಿದ್ವು. ಒಲಿಗೆ ಮಿಷಿನ್ನು ನಿಂದು ಅಂತ ಉಡ್ಕಿ ಉಡ್ಕಿ ಸೀಲು ಒತ್ದೆ. ನಾನು ಒತ್ತಿದ್ದು ನಿಂಗೆ ಕಣವ್ವ, ನಿನ್ ಗಂಡಂಗಲ್ಲ."

ಅಷ್ಟು ಹೇಳಿ ಗೋಡೆಯ ಕಡೆ ಮುಖ ತಿರುಗಿಸಿದಳು. ಹೋಗಲಿ ಬುಡು ಎಂದು ಒಂದು ಮಾತು ಅವಳ ಬಾಯಿಂದ ಬರಲಿಲ್ಲ.

ಮನೆಯಲ್ಲಿ ಚನ್ನಬಸವಣ್ಣ ರೇಗಿದ. "ದಾರಿ ಕೆಸರಾಗಿ ಗಾಡಿ ಊತ್ಕೊತಿತ್ತು, ಮೋರಿ ಮಾಡ್ಸ್ದೆ. ಏನೀಗ? ಅಡಿಗೆ ಮನೇಲಿರೋಳಿಗೆ ಮೀಟಿಂಗ್ ಏನ್ ತಿಳಿತದೆ?"

"ತಿಳೀದೆ ಸೈನ್ ಆಕಿದ್ಕೇ ಸಾಕವ್ವ ಮಲಗವ್ಳೆ. ಇನ್ಮೇಲೆ ಪುಸ್ತಕ ಮನೆಗೆ ಬರಾದು ಬ್ಯಾಡ, ನಾನೇ ಅಲ್ಲಿಗೋಯ್ತೀನಿ."

ಮುಂದಿನ ಸಭೆಗೆ ಅವನೂ ಹಿಂದೆ ಬಂದ. ರೂಢಿಯಂತೆ ಕುರ್ಚಿ ಎಳೆದು ಕೂತ. ಸುಂದ್ರಮ್ಮ ಪಕ್ಕದಲ್ಲೇ ನಿಂತಳು. "ಅದು ನನ್ ಕುರ್ಚಿ ಕಣ್ರೀ. ಏಳಿ." ಅವನು ಸುತ್ತ ನೋಡಿದ. ಯಾರೂ ಅವನ ಪರ ಮಾತಾಡಲಿಲ್ಲ. ಎದ್ದು ಹೊರಗೆ ಹೋಗಿ ಜಗುಲಿಯ ಮೇಲೆ ಕೂತ. ಸಂಜೆ ಮನೆಗೆ ಬಂದವನು, "ಶಾಲೆ ಬೀದಿ ಚಪ್ಪಡಿ ಬರೆಸ್ದಾ?" ಎಂದು ಕೇಳಿದ. ಬರೆಸಿದೆ ಎಂದಳು. "ನಾನೇ ಆಗ್ಲೇ ಬರೆಸ್ಬೇಕಾಗಿತ್ತು" ಎಂದು ತಲೆ ತಗ್ಗಿಸಿದ.

ಚಪ್ಪಡಿ ಬಂತು. ಈಗ ಮಕ್ಕಳು ಅದರ ಮೇಲೆ ಕುಂಟೆಬಿಲ್ಲೆ ಆಡುತ್ತವೆ. ಬಾಗಿಲಿಗೆ ಯಾರಾದರೂ ಬಂದು "ಮೆಂಬರ್ರು ಅವ್ರಾ?" ಎಂದರೆ ಸುಂದ್ರಮ್ಮ ಕೈ ಒರೆಸಿಕೊಂಡು ಹೊರಗೆ ಬಂದು, "ನಾನೇ. ಏನ್ ಇಚಾರ ಏಳಿ" ಅನ್ನುತ್ತಾಳೆ. ಮೂರು ಸಲ ಬಂದು ಹೋದ ಸಾಕಮ್ಮ ಮಾತ್ರ ಮಂಚ ಬಿಟ್ಟು ಏಳಲಾರಳು, ಆ ಬಾಗಿಲಿಗೆ ಇನ್ನು ಬರಲಾರಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ವಾರ್ಡಿನಲ್ಲಿ ಗೆದ್ದವರು ಯಾರು? ಅವರ ಗಂಡನ ಹೆಸರನ್ನಲ್ಲ, ಅವರ ಹೆಸರನ್ನು ಹೇಳಿ. ಗೊತ್ತಿಲ್ಲದಿದ್ದರೆ ನಾಳೆಯೇ ಪಂಚಾಯ್ತಿಗೆ ಹೋಗಿ ಕೇಳಿ. ಯಾವ ಕೆಲಸ ಯಾರದೆಂದು ತಿಳಿದುಕೊಂಡು ಅವರ ಬಾಗಿಲನ್ನೇ ತಟ್ಟಿ. ಗ್ರಾಮಸಭೆಗೆ ಹೋಗಿ, ಪುಸ್ತಕ ಓದಿಸಿ ಕೇಳಿ. ಗೆದ್ದ ತಾಯಂದಿರೇ, ಸೈನು ಹಾಕುವ ಮೊದಲು ಏನು ಬರೆದಿದೆ ಎಂದು ಕೇಳಿ. ನಿಮ್ಮ ಹೆಸರನ್ನು ಹುಡುಕಿ ಸೀಲು ಒತ್ತಿದ ಯಾರೋ ಒಬ್ಬರು ನಿಮ್ಮೂರಿನ ಚರಂಡಿ ಪಕ್ಕದಲ್ಲೂ ನಡೆದು ಹೋಗುತ್ತಿರುತ್ತಾರೆ.