ಕೈಯ ಆಪರೇಷನ್

ಸುನಂದಾಳ ಎಡಗೈಗೆ ಆಪರೇಷನ್ ಆಗಿದೆ ಎಂದು ಕುರುಗೋಡಿನ ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆಗಿದ್ದು ಕೈಗಲ್ಲ ಎಂಬುದು ಗೊತ್ತಿದ್ದವರು ಇಬ್ಬರೇ. ಒಬ್ಬಳು ಸುನಂದಾ, ಇನ್ನೊಬ್ಬ ಅವಳ ಗಂಡ ಸಂಗಮೇಶ.

ಸಂಗಮೇಶ ಸುಳ್ಳು ಹೇಳುವವನಲ್ಲ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಫಿಟ್ಟರ್. ಯಂತ್ರ ಕೆಟ್ಟರೆ ಕೆಟ್ಟಿದೆ ಎನ್ನುತ್ತಾನೆ, ಮಾಲೀಕ ಎಷ್ಟೇ ಮುಖ ಕೆಡಿಸಿಕೊಂಡರೂ. ಆದರೆ ಬಳ್ಳಾರಿಯ ಆಸ್ಪತ್ರೆಯಲ್ಲಿ ಹೆಂಡತಿಯ ಸ್ತನದ ಗಡ್ಡೆಯನ್ನೂ ಕಂಕುಳಿನ ಒಂದಿಷ್ಟು ಗಂಟುಗಳನ್ನೂ ತೆಗೆದ ದಿನ, ಬ್ರೂಸ್‌ಪೇಟೆಯ ಒಂದು ಅಂಗಡಿ ಕಟ್ಟೆಯ ಮೇಲೆ ನಿಂತು ಅವನು ಕುರುಗೋಡಿಗೆ ಫೋನು ಮಾಡಿದ. ತಾಯಿ ಚನ್ನವೀರಮ್ಮ ಫೋನನ್ನು ಸ್ಪೀಕರಿಗೆ ಹಾಕಿದ್ದಳು. ಹಿಂದೆ ನಾಲ್ಕಾರು ಹೆಂಗಸರ ಮಾತು ಕೇಳಿಸುತ್ತಿತ್ತು. ಎಲ್ಲಿಗೆ ಆಪರೇಷನ್ ಎಂದು ತಾಯಿ ಕೇಳಿದಳು. ಆ ಪದವನ್ನು ಅವನು ತಾಯಿಯೆದುರು ಯಾವತ್ತೂ ಆಡಿರಲಿಲ್ಲ. ಎದೆಗೆ ಎಂದರೆ ಹಾರ್ಟು ಎಂದುಕೊಂಡು ಓಣಿಗೆ ಓಣಿಯೇ ಬಸ್ಸು ಹತ್ತುತ್ತದೆ. ಹತ್ತಿರದಲ್ಲಿ ಇನ್ನೇನಿದೆ ಎಂದು ಯೋಚಿಸಿ, ಕೈಗೆ ಅಂದುಬಿಟ್ಟ.

ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಫಿಸಿಯೋಥೆರಪಿಯ ಜ್ಯೋತಿಲಕ್ಷ್ಮಿ ಸುನಂದಾಳಿಗೆ ಎರಡು ಮಾತು ಹೇಳಿದ್ದಳು. ದಿನಾ ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಒಂದೊಂದೇ ಮೇಲಕ್ಕೆ ಹತ್ತಿಸಬೇಕು. ಐದನೇ ವಾರಕ್ಕೆ ರೇಡಿಯೇಶನ್, ಅಂದರೆ ಜನ ಕರೆಂಟು ಎನ್ನುವುದು, ಶುರುವಾಗುತ್ತದೆ. ಆಗ ಎಡಗೈ ತಲೆಯ ಮೇಲೆ ಹೋಗಿ ಅಲ್ಲೇ ನಿಲ್ಲಬೇಕು. ಇಲ್ಲದಿದ್ದರೆ ಕೊಡಬೇಕಾದ ಜಾಗಕ್ಕೆ ಕೈಯೇ ಅಡ್ಡ.

ಸಿರುಗುಪ್ಪಕ್ಕಿಂತ ಕುರುಗೋಡಿನಿಂದ ಬಳ್ಳಾರಿ ಹತ್ತಿರ. ಹಾಗಾಗಿ ಸುನಂದಾ ಅತ್ತೆಯ ಮನೆಗೆ ಬಂದಳು.

ಚನ್ನವೀರಮ್ಮ ಸೊಸೆಯನ್ನು ಪ್ರೀತಿಯಿಂದಲೇ ನೋಡಿಕೊಂಡಳು. ಕೈಗೆ ಆಪರೇಷನ್ ಆದವಳಿಗೆ ಕೈಯ ಕೆಲಸ ಯಾಕೆ ಎಂದು ನೀರಿನ ಲೋಟವನ್ನೂ ಎತ್ತಗೊಡಲಿಲ್ಲ. ಹಳೆಯ ಸೀರೆ ಹರಿದು ಕುತ್ತಿಗೆಯಿಂದ ಜೋಳಿಗೆ ಕಟ್ಟಿ, ಕೈಯನ್ನು ಅದರೊಳಗೆ ಇಟ್ಟಳು. ದೇಶನೂರಿನಿಂದ ನೆಂಟರು ಬಂದರು. ಕೈ ನೋಡಿದರು, ಕೈಯ ಸುದ್ದಿ ಕೇಳಿದರು, ಬಾಳೆಹಣ್ಣನ್ನು ಕೈಯ ಪಕ್ಕದಲ್ಲೇ ಇಟ್ಟು ಹೋದರು. ಎದೆಯ ಕಡೆ ಯಾರ ಕಣ್ಣೂ ಹೋಗಲಿಲ್ಲ. ನಾಳೆ ಹೇಳಿದರಾಯಿತು ಎಂದು ಮೊದಲ ದಿನ ಸುಮ್ಮನಿದ್ದ ಸುನಂದಾಳಿಗೆ, ನಾಲ್ಕನೆಯ ದಿನದ ಹೊತ್ತಿಗೆ ಆ ಸುಳ್ಳಿನೊಳಗೆ ಒಂದು ಬಗೆಯ ನೆರಳು ಸಿಕ್ಕಿತ್ತು. ಎಲ್ಲರೂ ಕೈಗಾಗಿ ಮರುಗುತ್ತಿರುವಾಗ ಉಳಿದದ್ದು ಅವಳೊಬ್ಬಳದೇ ಆಗಿರುತ್ತಿತ್ತು.

ಗೋಡೆಯ ವ್ಯಾಯಾಮವನ್ನು ಅವಳು ಬಚ್ಚಲಲ್ಲಿ ಮಾಡಿದಳು. ಕಂಕುಳಿನಿಂದ ಮೊಣಕೈವರೆಗೆ ಚರ್ಮದಡಿಯಲ್ಲಿ ಹುರಿಯೊಂದನ್ನು ಬಿಗಿದಂತೆ ಎಳೆಯುತ್ತಿತ್ತು. ತೋಳಿನ ಒಳಬದಿ ಮುಟ್ಟಿದರೆ ಬೇರೆ ಯಾರದೋ ತೋಳನ್ನು ಮುಟ್ಟಿದ ಹಾಗೆ. ಶುರು ಮಾಡಿದ ಮೂರನೆಯ ದಿನ ಚನ್ನವೀರಮ್ಮ ನೋಡಿಬಿಟ್ಟಳು. ಹೊಲಿಗೆ ಬಿಚ್ಚಿಕೊಂಡರೆ ನಿನ್ನ ಗಂಡನಿಗೆ ಏನು ಹೇಳಲಿ ಎಂದು ಕೇಳಿ, ಅವತ್ತಿನಿಂದ ಬಚ್ಚಲಿಗೂ ಜೊತೆಗೆ ಬಂದು ಬೆನ್ನು ತಿರುಗಿಸಿ ನಿಂತಳು. ಯಾವ ಹೊಲಿಗೆ, ಎಲ್ಲಿಯ ಹೊಲಿಗೆ ಎಂದು ಹೇಳಲು ಆ ಪದ ಬೇಕಿತ್ತು. ಸುನಂದಾ ಕೈಯನ್ನು ಜೋಳಿಗೆಯೊಳಗೆ ಹಾಕಿಕೊಂಡಳು.

ಭಾನುವಾರ ಸಂಗಮೇಶ ಬಂದಾಗ, ನೀವಾದರೂ ಹೇಳಿ ಎಂದಳು. ಬೇರಿಂಗ್ ಸದ್ದು ಮಾಡಿದರೆ ಗಿರಣಿಯಲ್ಲಿ ಮೊದಲು ಬೆಲ್ಟ್ ಬಿಚ್ಚಿ ನಿಲ್ಲಿಸುತ್ತಾರೆ, ಅವ್ವ ಮಾಡುತ್ತಿರುವುದೂ ಒಂದು ಲೆಕ್ಕಕ್ಕೆ ಸರಿಯೇ ಎಂದು ಅವನು ವಿವರಿಸಿದ. ವಿವರಣೆ ಉದ್ದವಾಗಿತ್ತು.

ಮೂರನೆಯ ವಾರ ಒಂದು ಬೆಳಿಗ್ಗೆ ಪೂಜೆಗೆ ಕೂತಾಗ, ಇಷ್ಟಲಿಂಗ ಇಟ್ಟುಕೊಂಡ ಎಡ ಅಂಗೈ ಕಣ್ಣಿನ ಮಟ್ಟಕ್ಕೆ ಏರಲಿಲ್ಲ. ಸುನಂದಾ ಕೈ ಎತ್ತುವ ಬದಲು ತಲೆಯನ್ನೇ ಬಗ್ಗಿಸಿದಳು. ಚನ್ನವೀರಮ್ಮ ಪಕ್ಕದಲ್ಲಿ ಕೂತು ಇದನ್ನು ನೋಡಿದಳು. ಮಧ್ಯಾಹ್ನವೇ ಹಚ್ಚೊಳ್ಳಿಗೆ ಹೇಳಿ ಕಳಿಸಿದಳು. ಮರುದಿನ ಎಲುಬು ಕಟ್ಟುವ ಎರ್ರಿ ಬಸ್ಸಿನಿಂದ ಇಳಿದ.

ಎರ್ರಿ ಹೆಸರಾದವನು. ತೋಳನ್ನು ಭುಜದಿಂದ ಮಣಿಕಟ್ಟಿನವರೆಗೆ ತಿರುಗಿಸಿ ಗಾಯ ಹುಡುಕಿದ. ಸಿಗಲಿಲ್ಲ.

"ಏನ್ ಕೈಗುಣರಿ ಅಮ್ಮಾರ," ಅಂದ. "ಕೊಯ್ದ ಗುರುತೇ ಇಲ್ಲದಂಗ ಕೊಯ್ದಾರ."

ಚನ್ನವೀರಮ್ಮನಿಗೆ ಹೆಮ್ಮೆಯಾಯಿತು. ಎರ್ರಿ ಮಾಮೂಲಾಗಿ ಮೊಟ್ಟೆಯ ಬಿಳಿ ಹಚ್ಚಿ ಕಟ್ಟುತ್ತಾನೆ. ಲಿಂಗವಂತರ ಮನೆಯೆಂದು ಸುಣ್ಣ ಬೆಲ್ಲದಲ್ಲೇ ಮುಗಿಸಿ, ಬಿದಿರಿನ ದಬ್ಬೆಯಿಟ್ಟು ಬಟ್ಟೆ ಸುತ್ತಿ, ತೋಳನ್ನು ಮೈಗೆ ಸೇರಿಸಿ ಬಿಗಿದ. ಒಂಬತ್ತು ದಿನಕ್ಕೆ ಬಂದು ಇನ್ನೊಂದು ಕಟ್ಟು ಕಟ್ಟುವುದಾಗಿ ಹೇಳಿದ. ಸುನಂದಾ ಬಾಯಿ ತೆರೆದಳು. ಎದುರಿಗೆ ಪರಗಂಡಸು ಕೂತಿದ್ದ. ಮುಚ್ಚಿದಳು.

ಒಂಬತ್ತನೆಯ ದಿನ ಬೆಳಿಗ್ಗೆ ಬಳ್ಳಾರಿಯಲ್ಲಿ ತೋರಿಸುವುದಿತ್ತು. ರಜೆ ಹಾಕಿ ಬಂದ ಸಂಗಮೇಶನೇ ಕರೆದುಕೊಂಡು ಹೋದ. ಜ್ಯೋತಿಲಕ್ಷ್ಮಿ ಕತ್ತರಿ ತಂದು ಕಟ್ಟು ಬಿಡಿಸಿದಳು. ದಬ್ಬೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಸ್ವಲ್ಪ ಹೊತ್ತು ನೋಡಿದಳು.

"ಎಲುವು ಮುರಿದಿತ್ತೇನ್ರಿ ಅಕ್ಕಾರ?"

"ಇಲ್ರಿ."

"ಮತ್ಯಾಕ ಕಟ್ಟಿಸಿಕೊಂಡ್ರಿ?"

ಸುನಂದಾ ಗಂಡನ ಮುಖ ನೋಡಿದಳು. ಗಂಡ ದಬ್ಬೆಗಳನ್ನು ನೋಡುತ್ತಿದ್ದ.

ಕೈ ಭುಜದ ಮಟ್ಟಕ್ಕೂ ಬರಲಿಲ್ಲ. ಬಾವು ಬಂದಿಲ್ಲ, ಅದೊಂದು ಪುಣ್ಯ ಅಂದಳು ಜ್ಯೋತಿಲಕ್ಷ್ಮಿ. ಡಾಕ್ಟರು ಕರೆಂಟನ್ನು ಎರಡು ವಾರ ಮುಂದಕ್ಕೆ ಹಾಕಿದರು. ಮೊದಲೇ ಉಳಿದಿದ್ದ ಒಂದು ವಾರ ಸೇರಿ ಒಟ್ಟು ಮೂರು ವಾರ ಕೈಯಲ್ಲಿವೆ, ಅದಕ್ಕಿಂತ ತಡವಾದರೆ ಆಪರೇಷನ್ ಮಾಡಿದ್ದಕ್ಕೆ ಅರ್ಥವಿರುವುದಿಲ್ಲ, ಉಳಿದಿರಬಹುದಾದ ರೋಗ ಯಾರಿಗೂ ಕಾಯುವುದಿಲ್ಲ ಎಂದರು.

ಇಬ್ಬರೂ ಕುರುಗೋಡಿಗೆ ವಾಪಸು ಬಂದಾಗ ಪಡಸಾಲೆಯಲ್ಲಿ ಎರ್ರಿ ಹೊಸ ದಬ್ಬೆಗಳೊಂದಿಗೆ ಕಾಯುತ್ತಿದ್ದ. ಪಕ್ಕದ ಮನೆಯ ಮೀನಾಕ್ಷಿ ಕಟ್ಟುವುದನ್ನು ನೋಡಲು ಬಂದಿದ್ದಳು. ಚನ್ನವೀರಮ್ಮ ಸುಣ್ಣ ಕಲಸುತ್ತಿದ್ದಳು. ಬರಿಗೈ ಕಂಡು, ಕಟ್ಟು ಯಾರು ಬಿಚ್ಚಿದರು ಎಂದು ಕೇಳಿದಳು. ಸುನಂದಾ ಗಂಡನಿಗೆ ಕೊನೆಯದಾಗಿ ಒಂದಿಷ್ಟು ಹೊತ್ತು ಕೊಟ್ಟಳು. ಅವನು ಫ್ಯಾನಿನ ಕಡೆ ನೋಡಿ, ಅದರ ಕೆಪಾಸಿಟರ್ ಹೋಗಿರಬೇಕು ಅಂದ.

"ಅತ್ತಿ," ಅಂದಳು ಸುನಂದಾ. "ಆಪರೇಷನ್ ಆಗಿದ್ದು ಕೈಗಲ್ರಿ. ಮೊಲಿಗೆ. ಕ್ಯಾನ್ಸರ್ ಐತಿ."

ಮೀನಾಕ್ಷಿ ಸೆರಗನ್ನು ಬಾಯಿಗೆ ತಂದಳು. ಎರ್ರಿ ದಬ್ಬೆಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿ, ನಾನು ಎಲುಬಿನವನು ಎಂದು ಯಾರಿಗೆಂದಿಲ್ಲದೆ ಹೇಳಿ, ಚಪ್ಪಲಿ ಮೆಟ್ಟಿದ. ಚನ್ನವೀರಮ್ಮ ಸುಣ್ಣದ ಬಟ್ಟಲನ್ನು ಕೆಳಗಿಟ್ಟಳು. ಬೆರಳು ಒರೆಸಿಕೊಂಡಳು.

"ಕೈ ಎತ್ತಿದ್ರ ಚಲೋನೋ, ಇಳಿಸಿದ್ರ ಚಲೋನೋ?" ಎಂದು ಕೇಳಿದಳು.

"ಎತ್ತಬೇಕ್ರಿ. ತಲಿ ಮ್ಯಾಲ ಹೋಗಬೇಕು. ಮೂರು ವಾರ ಐತಿ."

"ಇಷ್ಟು ದಿನ ಹಿಡಿದು ಕುಂದರಿಸಿದಾಕಿ ನಾನಾ," ಅಂದಳು ಚನ್ನವೀರಮ್ಮ. ಆಮೇಲೆ ಮಗನ ಕಡೆ ತಿರುಗಿ, "ಲೇ, ನೀ ಅದನ್ನ ಕುಡಿದಾ ಬೆಳೆದಾಂವ. ಹೆಸರು ಹೇಳಾಕ ನಾಚಿಕಿ ಬಂತು?" ಎಂದಳು.

ಸಂಗಮೇಶ ಸ್ಟೂಲು ತಂದು ಫ್ಯಾನು ಬಿಚ್ಚಿದ. ಕೆಪಾಸಿಟರ್ ಸರಿಯಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ಸುನಂದಾ ಚಹಾ ಮಾಡಲು ಹೋದಾಗ ಸಕ್ಕರೆ ಡಬ್ಬಿ ಇದ್ದ ಜಾಗದಲ್ಲಿ ಇರಲಿಲ್ಲ. ಅದಕ್ಕಿಂತ ಒಂದು ಹಲಗೆ ಎತ್ತರದಲ್ಲಿತ್ತು. ಎಡಗೈಯಲ್ಲೇ ತಗೋ ಎಂದು ಹೊರಗಿನಿಂದ ಅತ್ತೆಯ ದನಿ ಬಂತು. ನಾಲ್ಕು ದಿನಕ್ಕೆ ಡಬ್ಬಿ ಇನ್ನೊಂದು ಹಲಗೆ ಏರಿತು. ಆ ಮೂರು ವಾರ ಸುನಂದಾ ಹಲ್ಲು ಕಚ್ಚಿ ಗೋಡೆ ಹತ್ತಿದಳು. ಅತ್ತೆ ಎದುರಿಗೆ ಅಕ್ಕಿ ಆರಿಸುತ್ತಾ ಕೂತು, ನಿನ್ನೆಗಿಂತ ಒಂದು ಬೆರಳು ಕಮ್ಮಿ ಎಂದು ತಪ್ಪು ಹಿಡಿಯುತ್ತಿದ್ದಳು.

ಕರೆಂಟಿನ ಕೋಣೆ ತಣ್ಣಗಿತ್ತು. ಸುನಂದಾ ಮಲಗಿ, ಎಡಗೈಯನ್ನು ತಲೆಯ ಹಿಂದಿನ ಆಸರೆಗೆ ಒಯ್ದಳು. ಹುರಿ ಬಿಗಿಯಿತು. ಕೈ ಹೋಯಿತು. ಪೂರ್ತಿಯಲ್ಲ, ಆದರೆ ಸಾಕಾಗುವಷ್ಟು. ಯಂತ್ರ ನೋಡಿಕೊಳ್ಳುವವನು ಅಳತೆ ನೋಡಿ, ಹೀಗೇ ಅಲುಗಾಡದೆ ಇರಬೇಕು ಎಂದ. ನೋವಾಗುತ್ತದೆಯೇ ಎಂದೂ ಕೇಳಿದ.

"ಆಗ್ತೈತ್ರಿ," ಅಂದಳು ಸುನಂದಾ.

ಅವನು ಹೋಗಿ ಒಂದು ಸಣ್ಣ ದಿಂಬು ತಂದು ಮೊಣಕೈ ಕೆಳಗೆ ಇಟ್ಟ.